ಗುರಾಣಿಯ ಮೇಲೊಂದು ಬದುಕು



ಕದಂಬರಿಗೆ ಸಿಂಹ, ಗಂಗರಿಗೆ ಆನೆ, ಬಾದಾಮಿ ಚಾಲುಕ್ಯರಿಗೆ ವರಾಹ. ಇವೆಲ್ಲ ಅರಸುಮನೆತನಗಳ ಲಾಂಛನಗಳು. ಯುರೋಪಿನಲ್ಲಿ ಒಬ್ಬೊಬ್ಬ ವ್ಯಕ್ತಿಯೂ ತನ್ನ ಹೆಸರಿನಲ್ಲಿ ಲಾಂಛನ ಪಡೆಯುವ ಪದ್ಧತಿ ಬೆಳೆಯಿತು. ಆ ವೈಯಕ್ತಿಕ ಲಾಂಛನ ಶತಮಾನಗಳುದ್ದಕ್ಕೂ ಏನೇನು ಹೇಳುತ್ತ ಬಂದಿದೆ ಎಂಬುದೇ ಇಂದಿನ ವಿಷಯ.

ಅದರ ಹುಟ್ಟು 12ನೆಯ ಶತಮಾನದ್ದು. ಆಂಜು ಪ್ರಾಂತದ ಕೌಂಟ್ ಜೆಫ್ರಿ 1151ರಲ್ಲಿ ತೀರಿಕೊಂಡ. ಅವನ ಸಮಾಧಿಗೆಂದು ಮಾಡಿದ ಎನಾಮೆಲ್ ಫಲಕ ಫ್ರಾನ್ಸಿನ ಲ ಮಾನ್ ನಗರದಲ್ಲಿ ಇಂದಿಗೂ ಇದೆ. ಅದರಲ್ಲಿ ಅವನ ಕೈಯಲ್ಲಿರುವುದು ನೀಲಿ ಗುರಾಣಿ, ಅದರ ಮೇಲೆ ಚಿನ್ನದ ಸಿಂಹಗಳು. ಅವನ ಮೊಮ್ಮಗ ವಿಲಿಯಂ 1226ರಲ್ಲಿ ಸತ್ತಾಗ, ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲ್‌ನಲ್ಲಿರುವ ಅವನ ಸಮಾಧಿಯ ಗುರಾಣಿಯಲ್ಲೂ ಅವೇ ಸಿಂಹಗಳು ಮೂಡಿದವು. ತಾತನ ಗುರುತು ಮೊಮ್ಮಗನಿಗೆ ಆಸ್ತಿಯಂತೆ ಇಳಿದುಬಂದಿತ್ತು. ನಾನು ಯಾರ ವಂಶದವನು ಎಂಬುದೇ ಆಗ ಲಾಂಛನ ಹೇಳುತ್ತಿದ್ದ ಮಾತು.

ಲಾಂಛನಗಳು ಹೆಚ್ಚಿದಂತೆ ಕಟ್ಟಳೆಗಳೂ ಬಂದವು. ಬಣ್ಣದ ಮೇಲೆ ಬಣ್ಣ ಕೂಡದು, ಚಿನ್ನದ ಮೇಲೆ ಬೆಳ್ಳಿ ಕೂಡದು. ರಣರಂಗದಲ್ಲಿ ಗುರುತು ದೂರದಿಂದ ಎದ್ದು ಕಾಣಬೇಕಲ್ಲ. 1484ರಲ್ಲಿ ಮೂರನೆಯ ರಿಚರ್ಡ್ ದೊರೆ ಲಂಡನ್ನಿನ ಲಾಂಛನಾಧಿಕಾರಿಗಳಿಗೆ ಸನದು ಕೊಟ್ಟ. ಅವರ ಸಂಸ್ಥೆ 'ಕಾಲೇಜ್ ಆಫ್ ಆರ್ಮ್ಸ್' ಈಗಲೂ ಲಾಂಛನಗಳನ್ನು ನೀಡುತ್ತಿದೆ.

ಯೋಧನಲ್ಲದವನೂ ಕ್ರಮೇಣ ಲಾಂಛನಕ್ಕೆ ಅರ್ಜಿ ಹಾಕಿದ. 1596ರಲ್ಲಿ ಸ್ಟ್ರಾಟ್‌ಫರ್ಡ್‌ನ ಕೈಗವಸು ವ್ಯಾಪಾರಿ ಜಾನ್ ಷೇಕ್ಸ್‌ಪಿಯರ್‌ಗೆ ಲಾಂಛನ ದಕ್ಕಿತು: ಚಿನ್ನದ ಗುರಾಣಿ, ಓರೆಯಾದ ಕಪ್ಪು ಪಟ್ಟಿ, ಅದರ ಮೇಲೊಂದು ಈಟಿ. ಮಗ ವಿಲಿಯಂ ಆ ವೇಳೆಗೆ ಹೆಸರಾಂತ ನಾಟಕಕಾರ, ನಟ ಕೂಡ. 1602ರಲ್ಲಿ ಒಬ್ಬ ಲಾಂಛನಾಧಿಕಾರಿ, ಯೋಗ್ಯತೆಯಿಲ್ಲದವರಿಗೆ ಲಾಂಛನ ಹಂಚಲಾಗಿದೆ ಎಂದು ದೂರಿದಾಗ ಈ ಮನೆತನದ ಹೆಸರೂ ಅದರಲ್ಲಿತ್ತು. ನಟನಿಗೇಕೆ ಈ ಗೌರವ ಎಂಬುದು ಅವನ ಆಕ್ಷೇಪ. ಲಾಂಛನ ಹುಟ್ಟಿಗೆ ಸಲ್ಲಬೇಕೋ ದುಡಿಮೆಗೆ ಸಲ್ಲಬೇಕೋ ಎಂಬ ಪ್ರಶ್ನೆ ಆಗಲೇ ಎದ್ದಿತ್ತು.

ಅದಕ್ಕೆ ನಾನು ಕಂಡ ಅತ್ಯಂತ ಸುಂದರ ಉತ್ತರಗಳು 20ನೆಯ ಶತಮಾನದ ಇಬ್ಬರು ವಿಜ್ಞಾನಿಗಳವು. ಅರ್ನೆಸ್ಟ್ ರುದರ್‌ಫರ್ಡ್ ನ್ಯೂಜಿಲೆಂಡಿನ ರೈತಾಪಿ ಪರಿಸರದಿಂದ ಬಂದವರು. ಒಂದು ಮೂಲವಸ್ತು ವಿಕಿರಣ ಸೂಸುತ್ತ ಇನ್ನೊಂದಾಗಿ ಮಾರ್ಪಡುತ್ತದೆ ಎಂದು ಸಹೋದ್ಯೋಗಿ ಫ್ರೆಡರಿಕ್ ಸಾಡಿ ಅವರೊಡನೆ ತೋರಿಸಿಕೊಟ್ಟವರು. 1931ರಲ್ಲಿ ಬ್ಯಾರನ್ ಪದವಿ ಬಂದಾಗ ಅವರ ಗುರಾಣಿಯನ್ನು ಎರಡು ವಕ್ರರೇಖೆಗಳು ಸೀಳಿದವು. ಇಳಿಯುವ ರೇಖೆ ವಿಕಿರಣ ವಸ್ತುವಿನ ಕ್ಷಯ, ಏರುವ ರೇಖೆ ಅದರ ಬೆಳವಣಿಗೆ. ಪ್ರಯೋಗಶಾಲೆಯ ನಕ್ಷೆಯೇ ಲಾಂಛನವಾಯಿತು! ಒಂದು ಪಕ್ಕದಲ್ಲಿ ಮಾವೊರಿ ಯೋಧ, ಮೇಲೆ ಕಿವಿ ಹಕ್ಕಿ: ತಾಯ್ನಾಡಿನ ನೆನಪು. ಇನ್ನೊಂದು ಪಕ್ಕದಲ್ಲಿ ರಸವಾದಿಗಳ ಆದಿಗುರು ಹರ್ಮಿಸ್.

ಮ್ಯಾಂಚೆಸ್ಟರಿನಲ್ಲಿ 1912ರಲ್ಲಿ ಇದೇ ರುದರ್‌ಫರ್ಡರ ಬಳಿ ಕೆಲಸ ಮಾಡಿದವರು ಡೆನ್ಮಾರ್ಕಿನ ನೀಲ್ಸ್ ಬೋರ್. 1947ರಲ್ಲಿ ಅವರಿಗೆ ಆ ದೇಶದ ಅತ್ಯುನ್ನತ ಗೌರವವಾದ 'ಆನೆಯ ಪದಕ' ಸಂದಿತು. ಅದನ್ನು ಪಡೆದವರ ಲಾಂಛನವನ್ನು ಫ್ರೆಡೆರಿಕ್ಸ್‌ಬೋರ್ಗ್ ಅರಮನೆಯಲ್ಲಿ ತೂಗುಹಾಕುವುದು ವಾಡಿಕೆ. ಬೋರ್ ಆರಿಸಿಕೊಂಡದ್ದು ಸಿಂಹವನ್ನಲ್ಲ, ಹದ್ದನ್ನಲ್ಲ. ಚೀನಾದ ಯಿನ್-ಯಾಂಗ್ ಚಿಹ್ನೆಯನ್ನು. ಎಲೆಕ್ಟ್ರಾನ್ ಒಂದು ಪ್ರಯೋಗದಲ್ಲಿ ಕಣದಂತೆ, ಇನ್ನೊಂದರಲ್ಲಿ ಅಲೆಯಂತೆ ವರ್ತಿಸುತ್ತದೆ. ಎರಡೂ ಚಿತ್ರ ಸೇರದೆ ವಿವರಣೆ ಪೂರ್ಣವಾಗದು ಎಂದು ಅವರು 1927ರಲ್ಲಿ ಮಂಡಿಸಿದ್ದರು. ವಿರುದ್ಧವಾದವು ಒಂದಕ್ಕೊಂದು ಪೂರಕ ಎಂಬ ಅರ್ಥದ ಲ್ಯಾಟಿನ್ ಮಾತನ್ನೂ ಚಿಹ್ನೆಯ ಜೊತೆಗೆ ಬರೆಸಿದರು.

ಜೆಫ್ರಿಯ ಸಿಂಹಗಳು ವಂಶವನ್ನು ಸಾರಿದವು. ಬೋರ್ ಅವರ ಚಿಹ್ನೆ ಒಂದು ಆಯುಷ್ಯದ ಆಲೋಚನೆಯನ್ನು ಸಾರುತ್ತದೆ. ಅದರಲ್ಲಿ ತಾತ ಮುತ್ತಾತರ ಸುದ್ದಿಯಿಲ್ಲ, ಗೆದ್ದ ಯುದ್ಧದ ಕಥೆಯಿಲ್ಲ. ಮನುಷ್ಯನನ್ನು ಅವನು ದುಡಿದು ಕಂಡುಕೊಂಡ ಸತ್ಯದಿಂದ ಗುರುತಿಸುವುದೇ ನ್ಯಾಯ ಎಂದು ನಾನು ನಂಬುತ್ತೇನೆ. ರಣರಂಗಕ್ಕೆಂದು ಹುಟ್ಟಿದ ಗುರಾಣಿ ಆ ನ್ಯಾಯಕ್ಕೂ ಜಾಗ ಕೊಟ್ಟದ್ದೇ ಈ ಚರಿತ್ರೆಯ ದೊಡ್ಡ ಗಳಿಕೆ.