ಜಪಾನಿನವರಿಗೆ ಕಬುಕಿ, ನಮಗೆ ಮೂಡಲಪಾಯ

(ಹಾಸನದಲ್ಲಿ ಸೇರಿದ್ದ ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಿಮ್ಮಲ್ಲಿ ಬಹಳ ಜನ ಬೆಂಗಳೂರಿನಿಂದ ಬಂದವರು. ಹುಟ್ಟಿದ್ದು ಚನ್ನರಾಯಪಟ್ಟಣದ ಕಡೆಯೋ ಹೊಳೆನರಸೀಪುರದ ಕಡೆಯೋ, ಅನ್ನ ಹುಡುಕಿಕೊಂಡು ಹೋದದ್ದು ರಾಜಧಾನಿಗೆ. ನಾಮಫಲಕದ ಹೋರಾಟದಲ್ಲಿ ಬೀದಿಗಿಳಿದವರೂ ಇದ್ದೀರಿ. ನಿಮಗೆ ಇವತ್ತು ಜಪಾನಿನ ಒಂದು ಆಟದ ಕತೆ ಹೇಳುತ್ತೇನೆ. ಕನ್ನಡದ ವೇದಿಕೆಯಲ್ಲಿ ಜಪಾನ್ ಯಾಕೆ ಎಂದು ಹುಬ್ಬೇರಿಸಬೇಡಿ, ಸ್ವಲ್ಪ ತಾಳಿ.

ಅದರ ಹೆಸರು ಕಬುಕಿ. 1603ರ ಸುಮಾರಿಗೆ ಕ್ಯೋಟೋ ನಗರದಲ್ಲಿ ಒಕುನಿ ಎಂಬ ಹೆಣ್ಣುಮಗಳು ಕುಣಿದು ಶುರು ಮಾಡಿದ್ದು. 1629ರಲ್ಲಿ ಹೆಂಗಸರು ರಂಗಕ್ಕೆ ಬರಕೂಡದೆಂದು ಅಲ್ಲಿನ ಆಳುವವರು ಕಟ್ಟಳೆ ಮಾಡಿದರು. ಅಂದಿನಿಂದ ಗಂಡಸರದೇ ಹೆಣ್ಣುವೇಷ. ಮುಖಕ್ಕೆ ಬಿಳಿ ಬಳಿದು ಅದರ ಮೇಲೆ ಗೆರೆ ಎಳೆಯುತ್ತಾರೆ. ಕೆಂಪು ಗೆರೆ ಶೂರನಿಗೆ, ನೀಲಿ ಕೇಡಿಗನಿಗೆ. ಪ್ರೇಕ್ಷಕರ ನಡುವೆಯೇ ಒಂದು ಹಾದಿ. ಅದರ ಮೇಲೆ ಬರುವ ವೀರ ಗಕ್ಕನೆ ನಿಂತು ಕಣ್ಣರಳಿಸಿದನೆಂದರೆ ಹಿಂದಿನ ಸಾಲಿನ ಅಭಿಮಾನಿಗಳು ಅವನ ಮನೆತನದ ಹೆಸರು ಹಿಡಿದು ಕೂಗುತ್ತಾರೆ.

ಎಲ್ಲೋ ನೋಡಿದ ಹಾಗಿದೆ ಅನ್ನಿಸಲಿಲ್ಲವೆ? ನಿಮ್ಮ ತಾತನನ್ನು ಕೇಳಿ. ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ಅಟ್ಟ ಕಟ್ಟಿ, ಬೆಳಗಿನ ತನಕ ಆಡುತ್ತಿದ್ದ ಆಟ ನಮ್ಮ ಮೂಡಲಪಾಯ. ಹಾಸನ, ತುಮಕೂರು, ಮಂಡ್ಯ ಸೀಮೆಯ ಯಕ್ಷಗಾನ. ಭಾಗವತರ ತಾಳ, ಮದ್ದಳೆ, ಮುಖವೀಣೆ. ಕಿರೀಟ, ಭುಜಕೀರ್ತಿ, ಎದೆಕಟ್ಟು, ಕಾಲಿಗೆ ಗೆಜ್ಜೆ. ನಗಿಸಲು ಹನುಮನಾಯಕ. ಇಲ್ಲೂ ಗಂಡಸರದೇ ಹೆಣ್ಣುವೇಷ. ಕರಿಭಂಟನ ಕಾಳಗ ಆಡುತ್ತಾರೆಂದರೆ ಸುತ್ತಲ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ಯಕ್ಷಗಾನ ಎಂದರೆ ಕರಾವಳಿಯದು ಮಾತ್ರ ಎಂದು ನಮ್ಮ ಹುಡುಗರೇ ನಂಬಿಕೊಂಡಿದ್ದಾರೆ. ಕರಾವಳಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ದುಡಿದರು, ಉಳಿಸಿಕೊಂಡರು. ಶಿವರಾಮ ಕಾರಂತರಂಥವರು ಬೆನ್ನಿಗೆ ನಿಂತರು. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರವೇ ಆಯಿತು. ಮೂಡಲ ಸೀಮೆಯಲ್ಲಿ ಜೀ.ಶಂ. ಪರಮಶಿವಯ್ಯನವರು ಹಳ್ಳಿ ಹಳ್ಳಿ ಅಲೆದು ಈ ಆಟದ ಮೇಲೆ ವಿದ್ವಾಂಸರ ಕಣ್ಣು ಬೀಳುವ ಹಾಗೆ ಮಾಡಿದರು. ವಿದ್ವಾಂಸರ ಕಣ್ಣು ಬಿತ್ತು. ಊರವರ ಕಣ್ಣು ಅಷ್ಟರಲ್ಲಿ ಬೇರೆ ಕಡೆ ಹೊರಳಿತ್ತು. ಹಾರ್ಮೋನಿಯಂ ಮೇಷ್ಟರು ಬಂದರು, ಬಾಡಿಗೆ ಸೀನರಿ ಬಂತು, ಕುರುಕ್ಷೇತ್ರ ನಾಟಕ ಬಂತು. ಅದೂ ಕನ್ನಡದ್ದೇ, ಇರಲಿ. ಆದರೆ ಅದಕ್ಕೆ ಜಾಗ ಬಿಟ್ಟು ಮೂಲೆ ಸೇರಿದ್ದು ಯಾವುದು?

ನನ್ನ ಸಂಕಟ ಇಲ್ಲಿದೆ. ಶಾಲೆಯ ಮೆಟ್ಟಿಲು ಹತ್ತದ ರೈತನೊಬ್ಬ ಭಾಗವತರ ಬಾಯಿಂದ ಕೇಳಿ ಕೇಳಿ ಕಂದಪದ್ಯ, ದ್ವಿಪದಿ ಕಲಿತು, ನಡುರಾತ್ರಿ ಸಾವಿರ ಜನರೆದುರು ಒಂದಕ್ಷರ ತಪ್ಪದೆ ಹೇಳುತ್ತಿದ್ದ. ಪಂಪ, ರನ್ನರು ಬರೆದ ಛಂದಸ್ಸು ನೇಗಿಲು ಹಿಡಿದವನ ನಾಲಿಗೆಯ ಮೇಲಿತ್ತು! ಬೋರ್ಡಿನ ಮೇಲಿನ ಕನ್ನಡಕ್ಕೆ ಬಡಿದಾಡುವ ನಾವು ಆ ನಾಲಿಗೆಯ ಕನ್ನಡ ಹೋಗುವಾಗ ಎಲ್ಲಿದ್ದೆವು?

ಜಪಾನಿನವರು ಸುಮ್ಮನೆ ಕೂರಲಿಲ್ಲ. 1966ರಲ್ಲಿ ಟೋಕಿಯೋದಲ್ಲಿ ರಾಷ್ಟ್ರೀಯ ರಂಗಮಂದಿರ ಕಟ್ಟಿದರು. ಕಬುಕಿ ನಟನ ಮಗನೇ ನಟನಾಗಬೇಕು ಎಂಬ ಪದ್ಧತಿಯಿಂದ ಕಲೆ ಉಳಿಯದೆಂದು ತಿಳಿದು, 1970ರಿಂದ ಹೊರಗಿನ ಹುಡುಗರನ್ನು ಸೇರಿಸಿಕೊಂಡು ತರಬೇತಿ ಕೊಡತೊಡಗಿದರು. ಹಳೆಯ ಜಪಾನಿ ಮಾತು ಇಂದಿನ ಹುಡುಗರಿಗೆ ತಿಳಿಯುವುದಿಲ್ಲ. ಅದಕ್ಕೆ ಮಾತನ್ನು ನೀರು ಮಾಡಲಿಲ್ಲ, ನೋಡುವವರ ಕಿವಿಗೆ ಇಯರ್‌ಫೋನ್ ಕೊಟ್ಟು ವಿವರಿಸಿದರು. 2008ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು. ಅಷ್ಟಕ್ಕೇ ಎಲ್ಲವೂ ಸುಖವೆಂದಲ್ಲ. ಅದೇ ರಂಗಮಂದಿರವನ್ನು ಹೊಸದಾಗಿ ಕಟ್ಟಬೇಕೆಂದು 2023ರಲ್ಲಿ ಮುಚ್ಚಿದ್ದಾರೆ. ಆದರೂ ಆಟ ನಿಂತಿಲ್ಲ.

ಇದು ನಮ್ಮ ಚಳವಳಿಯ ಕೆಲಸವಲ್ಲ, ಅಕಾಡೆಮಿಯ ಕೆಲಸ ಎನ್ನುವವರಿಗೆ ಒಂದು ಮಾತು. ಹೆಸರಿನಲ್ಲೇ ಅರಕಲಗೂಡನ್ನು ಹೊತ್ತ ಅ.ನ.ಕೃ. ಅವರು 1960ರ ದಶಕದ ಆರಂಭದಲ್ಲಿ ಬೀದಿಗಿಳಿದದ್ದು ಯಾಕೆ? ಬೆಂಗಳೂರಿನ ರಾಮೋತ್ಸವದ ಕಚೇರಿಗಳಲ್ಲಿ ಕನ್ನಡದ ಕಲಾವಿದರನ್ನು ಕಡೆಗಣಿಸಿದ್ದಕ್ಕೆ. ಕನ್ನಡ ಚಳವಳಿ ಕಲಾವಿದನ ಪಕ್ಕ ನಿಂತೇ ಕಾಲೂರಿದ್ದು. ಅದೇ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರೆಂದು ನಾಡಿಗೆಲ್ಲ ಗೊತ್ತು. ಮೂಡಲಪಾಯದ ಭಾಗವತರ ಊರು ಯಾವುದೆಂದು ಪಕ್ಕದ ಹೋಬಳಿಯವನಿಗೂ ಗೊತ್ತಿಲ್ಲ.

ಈಗ ಕೆಲಸದ ಮಾತು. ರಾಜ್ಯೋತ್ಸವಕ್ಕೆ ನಿಮ್ಮ ಬಡಾವಣೆಯಲ್ಲಿ ಚಂದಾ ಎತ್ತುತ್ತೀರಿ, ಸಿನಿಮಾ ಹಾಡಿನ ಆರ್ಕೆಸ್ಟ್ರಾ ತರಿಸುತ್ತೀರಿ. ಈ ವರ್ಷ ಒಂದು ರಾತ್ರಿ ಮೂಡಲಪಾಯದ ಮೇಳ ಕರೆಸಿ. ಪುಕ್ಕಟೆ ಬೇಡ, ಆರ್ಕೆಸ್ಟ್ರಾದವರಿಗೆ ಕೊಡುವಷ್ಟೇ ದುಡ್ಡು ಎಣಿಸಿ ಕೊಡಿ, ಊಟ ಹಾಕಿ. ಹಾರ ಹಾಕಿ ಹತ್ತು ನಿಮಿಷ ಕುಣಿಸಿ ಮೆರವಣಿಗೆಯಲ್ಲಿ ಬಿಸಿಲಿಗೆ ನಡೆಸುವುದು ಬೇಡ, ಅದು ಅವಮಾನ. ಕತೆ ಏನೆಂದು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚಿದರೆ ಅದೇ ನಮ್ಮ ಇಯರ್‌ಫೋನ್.

ಇನ್ನೊಂದು. ಹಬ್ಬಕ್ಕೆ ಊರಿಗೆ ಹೋದಾಗ ವಯಸ್ಸಾದ ಭಾಗವತರು ಯಾರಿದ್ದಾರೆ ಎಂದು ವಿಚಾರಿಸಿ. ಪ್ರಸಂಗದ ಕೈಬರಹದ ಪುಸ್ತಕ ಅಟ್ಟದ ಮೇಲೋ ಪೆಟ್ಟಿಗೆಯಲ್ಲೋ ಇರುತ್ತದೆ. ಕಿತ್ತುಕೊಂಡು ಬರಬೇಡಿ, ಅವರೆದುರೇ ಪುಟ ಪುಟ ಫೋಟೋ ತೆಗೆಯಿರಿ, ಹಾಡಿಸಿ ಮೊಬೈಲಿನಲ್ಲಿ ಹಿಡಿಯಿರಿ. ಮುಖವೀಣೆ ಊದುವವರು ಸಿಕ್ಕರೆ ಮೊದಲು ಅವರನ್ನು ಹಿಡಿಯಿರಿ.

ಸಭೆ ಮುಗಿದ ಮೇಲೆ ಬಾಗಿಲ ಬಳಿ ನಾಲ್ಕು ಹಾಳೆ ಇಟ್ಟಿರುತ್ತೇವೆ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಒಂದೊಂದಕ್ಕೆ ಒಂದು. ನಿಮ್ಮ ಊರು ಬರೆದು, ಅಲ್ಲಿ ಕೊನೆಯ ಸಲ ಆಟ ಆದದ್ದು ಯಾವ ವರ್ಷ ಎಂದು ಮನೆಗೆ ಫೋನ್ ಮಾಡಿ ಕೇಳಿ, ಅದನ್ನೂ ಬರೆದು ಹೋಗಿ.