ನಾಯಿಗೆ ಹಾಕುವ ಹಸಿಮಾಂಸ
(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ರಾಯದುರ್ಗ, ಮಡಕಶಿರಾ ಸೀಮೆಗಳಲ್ಲಿ ಹೊಲ ಕೈಬಿಟ್ಟ ವರ್ಷವೂ ಕುರಿ ಕೈಬಿಡುವುದಿಲ್ಲ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಕುರಿಹಟ್ಟಿಗಳ ಬಾಳು ಮಾತ್ರ ಎರಡು ಕಡೆಗೂ ಒಂದೇ. ಕುರಿಯಿದ್ದಲ್ಲಿ ನಾಯಿಯುಂಟು, ಆ ಮನೆಯಲ್ಲಿಯೇ ಬೆಕ್ಕು, ಕೋಳಿ, ಎಮ್ಮೆ, ಜೊತೆಗೆ ಅಂಬೆಗಾಲಿಡುವ ಮಗು. ಇಂತಹ ಮನೆಯಲ್ಲಿ ನಾಯಿಗೆ ಏನನ್ನು ಉಣಿಸಬೇಕೆಂಬುದು ಚಿಕ್ಕ ಪ್ರಶ್ನೆಯಲ್ಲ.

ಜಾತ್ರೆಯಲ್ಲಿ ಕುರಿ ಕೊಯ್ದಾಗ ಯಕೃತ್ತಿನಲ್ಲಿಯೋ ಶ್ವಾಸಕೋಶದಲ್ಲಿಯೋ ನೀರು ತುಂಬಿದ ಗಂಟುಗಳು ಕಂಡುಬರುವುದುಂಟು. ನಮಗೆ ಬೇಡವೆಂದು ಅದನ್ನು ನಾಯಿಯ ಮುಂದೆ ಎಸೆಯುತ್ತೇವೆ. ಕೇಡು ಮೊದಲಾಗುವುದು ಅಲ್ಲಿಂದಲೇ. ಆ ಗಂಟಿನೊಳಗೆ ಒಂದು ಬಗೆಯ ಲಾಡಿಹುಳುವಿನ ಮರಿಗಳಿರುತ್ತವೆ. ಅವು ನಾಯಿಯ ಕರುಳಿನಲ್ಲಿ ಆರೇಳು ವಾರಗಳಲ್ಲಿ ಬೆಳೆದು ಮೊಟ್ಟೆಯಿಡುತ್ತವೆ. ಹುಳುವಿನ ಉದ್ದ ಒಂದು ಸೆಂಟಿಮೀಟರೂ ಇಲ್ಲ. ನಾಯಿಗೆ ಯಾವ ಕಾಯಿಲೆಯೂ ತೋರದು. ಮೊಟ್ಟೆಗಳು ಮಲದೊಡನೆ ಹೊರಬಿದ್ದು ಹುಲ್ಲಿಗೆ, ಸೊಪ್ಪಿಗೆ, ನಾಯಿಯ ರೋಮಕ್ಕೇ ಅಂಟಿಕೊಳ್ಳುತ್ತವೆ. ಹುಲ್ಲು ಮೇಯ್ದ ಕುರಿಗೆ ಮತ್ತೆ ಗಂಟು. ನಾಯಿಯನ್ನು ಅಪ್ಪಿ ಮುದ್ದಾಡಿ, ಕೈ ತೊಳೆಯದೆ ರೊಟ್ಟಿ ತಿಂದ ಮಗುವಿಗೂ ಗಂಟು. ಅದು ಬಲು ಮೆಲ್ಲನೆ ಬೆಳೆಯುವುದರಿಂದ ಐದನೆಯ ವಯಸ್ಸಿನಲ್ಲಿ ಹೊಕ್ಕದ್ದು ಇಪ್ಪತ್ತರಲ್ಲಿ ತಿಳಿಯಬಹುದು. ಒಡೆದರೆ ಪ್ರಾಣಕ್ಕೇ ಅಪಾಯ. ಕುರಿಯ ತಲೆಯಲ್ಲಿ ನೀರುಗಂಟು ಬೆಳೆದು ಅದು ಒಂದೇ ಕಡೆಗೆ ಸುತ್ತುವ ರೋಗವೂ ನಾಯಿಯ ಇನ್ನೊಂದು ಲಾಡಿಹುಳುವಿನಿಂದಲೇ ಬರುವುದು. ಆದುದರಿಂದ ಸತ್ತ ಕುರಿಯ ತಲೆಯನ್ನೂ ನಾಯಿಗೆ ಬಿಡಲಾಗದು.

ನಾಯಿಯ ಪೂರ್ವಿಕರು ಹಸಿಮಾಂಸವನ್ನೇ ತಿಂದುವಲ್ಲವೇ ಎಂದು ಕೇಳುವವರುಂಟು. ತಿಂದುವು, ನಿಜ, ಆದರೆ ನಮ್ಮ ಹಾಸಿಗೆಯ ಬಳಿ ಮಲಗಲಿಲ್ಲ. ನಗರಗಳಲ್ಲಿ ಈಗ ಮಂಜುಗಟ್ಟಿಸಿದ ಹಸಿ ಆಹಾರವನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ಮೈನಸ್ 20 ಡಿಗ್ರಿಯಲ್ಲಿ ಹತ್ತು ದಿನವಿಟ್ಟರೆ ಗಂಟಿನ ಮರಿಗಳು ಸಾಯುತ್ತವೆ. ಆದರೆ ಕೋಳಿಮಾಂಸದಲ್ಲಿರುವ ಸಾಲ್ಮೊನೆಲ್ಲಾದಂತಹ ರೋಗಾಣುಗಳು ತಂಪಿನಲ್ಲಿ ಬದುಕಿಯೇ ಇರುತ್ತವೆ. ವಿದ್ಯುತ್ತು ಆಗಾಗ ಹೋಗುವ ಮನೆಯ ಫ್ರಿಜ್ಜನ್ನು ನಂಬುವುದಂತೂ ಸಲ್ಲದು. ನಮ್ಮ ಅಭಿಪ್ರಾಯದಲ್ಲಿ ಹಲವು ಪ್ರಾಣಿಗಳೂ ಮಕ್ಕಳೂ ಇರುವ ಮನೆಗೆ ಹಸಿಮಾಂಸ ತಕ್ಕುದಲ್ಲ. ಮಾಂಸವನ್ನು ಅರ್ಧ ಗಂಟೆ ಚೆನ್ನಾಗಿ ಕುದಿಸಿ, ಮೂಳೆ ತೆಗೆದು, ಮುದ್ದೆಯೊಡನೆ ಕಲಸಿ ಹಾಕಿರಿ. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಗಂಟಿರುವ ಅಂಗವನ್ನು ನಾಯಿ ಕೆದಕದಷ್ಟು ಆಳದಲ್ಲಿ ಹೂಳಬೇಕು, ಇಲ್ಲವೇ ಸುಡಬೇಕು.

ಬೆಕ್ಕಿನ ಮಾತೂ ಒಂದಿದೆ. ಹಸಿಮಾಂಸ ತಿಂದ ಬೆಕ್ಕಿನ ಮಲದಿಂದ ಹರಡುವ ಟಾಕ್ಸೋಪ್ಲಾಸ್ಮಾ ಎಂಬ ರೋಗಾಣು ಗರ್ಭಿಣಿಯರ ಶಿಶುವಿಗೆ ಕೇಡು ಮಾಡಬಲ್ಲದು.

ಐಸ್‌ಲೆಂಡ್ ಎಂಬ ಕುರಿಗಾರರ ದ್ವೀಪದಲ್ಲಿ ಒಂದು ಕಾಲಕ್ಕೆ ಈ ಗಂಟುರೋಗ ಮನೆಮನೆಯ ಕಷ್ಟವಾಗಿತ್ತು. 1863ರಲ್ಲಿ ಅಲ್ಲಿಗೆ ಹೋದ ಡೆನ್ಮಾರ್ಕಿನ ವಿದ್ವಾಂಸ ಹಾರಾಲ್ಡ್ ಕ್ರಾಬೆ ಜನರಿಗಾಗಿ ಒಂದು ಕಿರುಹೊತ್ತಗೆಯನ್ನು ಬರೆದನು. ಅದನ್ನು ಮನೆಮನೆಗೆ ಹಂಚಿದರು. ಓದು ಬಲ್ಲ ಜನ ಓದಿದರು, ಕುರಿಯ ಒಳಾಂಗಗಳನ್ನು ನಾಯಿಗೆ ಹಾಕುವುದನ್ನು ಬಿಡುತ್ತ ಬಂದರು. ಮುಂದೆ ಕಾನೂನುಗಳೂ ಬಂದುವು. ಕಾಲಕ್ರಮದಲ್ಲಿ ರೋಗ ಆ ದ್ವೀಪದಿಂದಲೇ ತೊಲಗಿತು. ನಮ್ಮಲ್ಲಿ ಓದು ಬಾರದ ಅಜ್ಜಂದಿರಿಗೆ ಇದನ್ನು ಓದಿ ಹೇಳುವ ಕೆಲಸ ಮಕ್ಕಳದು. ನೆರೆಮನೆಯವರು ತೆಲುಗರಾದರೆ ತೆಲುಗಿನಲ್ಲಿಯೇ ಹೇಳಿರಿ. ನಾಯಿಗಳು ಭಾಷೆ ನೋಡಿ ಬೀದಿ ತಿರುಗುವುದಿಲ್ಲ.

ನಾಯಿಯ ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಎಂಬ ಮದ್ದುಂಟು. ಎಷ್ಟು, ಎಂದಿಗೆ ಎಂಬುದನ್ನು ಪಶುವೈದ್ಯರನ್ನು ಕೇಳಿ ಕೊಡಬೇಕು. ಎರಡು ಮೂರು ನಾಯಿಗಳಿದ್ದರೆ ಒಂದೊಂದಕ್ಕೂ ಬೇರೆ ತಟ್ಟೆಯಿಟ್ಟು, ತಿಂದು ಮುಗಿಸುವವರೆಗೆ ಎದುರಿಗೆ ನಿಲ್ಲಿರಿ. ಬಲವಾದ ನಾಯಿ ಬಡನಾಯಿಯ ಅನ್ನವನ್ನೂ ಮದ್ದನ್ನೂ ಒಟ್ಟಿಗೆ ಕಸಿದುಕೊಳ್ಳುತ್ತದೆ. ಆ ತಟ್ಟೆಗಳನ್ನು ಅಡಿಗೆಯ ಪಾತ್ರೆಗಳೊಡನೆ ತೊಳೆಯಬೇಡಿರಿ.