ಸಮದುಃಖಿಗಳ ಬಳಗ

ಬಂದು ಹೋಗುವ ಜ್ವರಕ್ಕೆ ವೈದ್ಯರೊಬ್ಬರಿದ್ದರೆ ಸಾಕು. ಬಂದು ನೆಲೆಸುವ ಬೇನೆಗೆ ವೈದ್ಯರ ಜೊತೆಗೆ ಸಂಗಾತಿಗಳೂ ಬೇಕು. ಬಿಟ್ಟುಹೋಗದ ರೋಗದೊಡನೆ ಬಾಳುವೆ ಮಾಡುವ ಬಗೆಯನ್ನು, ಹಾಗೆ ಬಾಳಿದವರೇ ಚೆನ್ನಾಗಿ ಹೇಳಿಕೊಡಬಲ್ಲರು.

ಈ ತಿಳಿವು ಹೊಸದೇನಲ್ಲ. ಕ್ಷಯಕ್ಕೆ ಇನ್ನೂ ಔಷಧವಿಲ್ಲದಿದ್ದ 1905ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯ ಜೋಸೆಫ್ ಪ್ರಾಟ್ ಅವರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಕೂಡಿಸತೊಡಗಿದರು. ಪ್ರತಿಯೊಬ್ಬರೂ ತಮ್ಮ ದಿನಚರಿಯ ಪುಸ್ತಕವನ್ನು ತರುತ್ತಿದ್ದರು. ಒಬ್ಬನ ಮೈತೂಕ ಏರಿತೆಂದರೆ ಉಳಿದವರಿಗೂ ಧೈರ್ಯ ಬರುತ್ತಿತ್ತು. ಇಂದು ಅಂಥ ಕೂಟಗಳು ಅಂಗೈಯೊಳಗಿನ ಫೋನಿನಲ್ಲಿ ಸೇರುತ್ತಿವೆ.

ನಾನು ಇದನ್ನು ಕಂಡದ್ದು ಕುಸುಮ ರೋಗದ ಮೂಲಕ. ವೈದ್ಯರು ಇದನ್ನು ಹಿಮೊಫಿಲಿಯಾ ಎನ್ನುತ್ತಾರೆ. ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೆಯ ಅಥವಾ ಒಂಬತ್ತನೆಯ ಅಂಶದ ಕೊರತೆಯೇ ಇದರ ಕಾರಣ. ಬಹುಮಟ್ಟಿಗೆ ಗಂಡುಮಕ್ಕಳನ್ನು ಕಾಡುವ ಈ ರೋಗದಲ್ಲಿ ಹೊರಗಿನ ಗಾಯಕ್ಕಿಂತ ಕೀಲಿನೊಳಗೆ ಸದ್ದಿಲ್ಲದೆ ಒಸರುವ ರಕ್ತವೇ ಹೆಚ್ಚು ಹಾನಿಕರ. ತಡಮಾಡಿದಷ್ಟೂ ಕೀಲು ಕೆಡುತ್ತದೆ.

ಹಾವೇರಿಯಿಂದ ದಕ್ಷಿಣಕ್ಕೆ ಹೊರಟ ರೈಲು ಬ್ಯಾಡಗಿ, ರಾಣೆಬೆನ್ನೂರು, ಹರಿಹರಗಳನ್ನು ದಾಟಿ ದಾವಣಗೆರೆಯನ್ನು ಸೇರುತ್ತದೆ. ಸ್ವತಃ ಈ ರೋಗವುಳ್ಳ ವೈದ್ಯರಾದ ಡಾ. ಸುರೇಶ ಹನಗವಾಡಿ ಅವರು ಕಟ್ಟಿ ಬೆಳೆಸಿದ ಕರ್ನಾಟಕ ಹಿಮೊಫಿಲಿಯಾ ಸೊಸೈಟಿ ಇರುವುದು ಆ ಊರಿನಲ್ಲಿಯೇ. ಆದರೆ ಮಗುವಿನ ಮೊಣಕಾಲು ಬಾತುಕೊಳ್ಳುವುದು ರೈಲಿನ ವೇಳೆಯನ್ನು ನೋಡಿ ಅಲ್ಲ.

ನನ್ನ ತಂಗಿ ರಾಣೆಬೆನ್ನೂರಿನಲ್ಲಿದ್ದಾಳೆ. ಅವಳ ಮಗನಿಗೆ ಈ ರೋಗವಿದೆ. ಒಂದು ನಡುರಾತ್ರಿ ಅವನ ಮೊಣಕಾಲು ಊದಿಕೊಂಡಾಗ ಮನೆಯ ಹಿರಿಯರು ಎಣ್ಣೆ ಹಚ್ಚಿ ತಿಕ್ಕಲು ಅಣಿಯಾದರು. ತಂಗಿ ತನ್ನಂಥ ತಾಯಂದಿರ ಬಳಗಕ್ಕೆ ಫೋನಿನಲ್ಲಿ ಒಂದು ಸಾಲು ಬರೆದಳು. ಬ್ಯಾಡಗಿಯ ಹೆಣ್ಣುಮಗಳೊಬ್ಬಳು ಎಚ್ಚರವಾಗಿದ್ದಳು. “ಅಕ್ಕಾರ, ತಿಕ್ಕಬ್ಯಾಡ್ರಿ. ಕಾಲು ದಿಂಬಿನ ಮ್ಯಾಲೆ ಇಡ್ರಿ. ಬೆಳಗಾಗೂದು ಕಾಯಬ್ಯಾಡ್ರಿ, ಫ್ಯಾಕ್ಟರ್ ಹಾಕಸಾಕ ಈಗ ಹೊರಡ್ರಿ” ಎಂದು ಉತ್ತರ ಬಂತು. ಇದೇ ಮಾತನ್ನು ವೈದ್ಯರು ಹಿಂದೆ ಹೇಳಿದ್ದರು. ಆದರೆ ಹಿರಿಯರ ಕೈಯನ್ನು ತಡೆಯುವ ಬಲ ತಂಗಿಗೆ ಬಂದದ್ದು ತನ್ನಂಥವಳೇ ಒಬ್ಬಳು ಹೇಳಿದಾಗ.

ಆ ಬಲ ಮತ್ತೊಂದು ಕಾರಣಕ್ಕೂ ಬೇಕಿತ್ತು. ರೋಗದ ಅಂಶ ತಾಯಿಯ ಮೂಲಕ ಮಗನಿಗೆ ಬರುವುದೆಂದು ತಿಳಿದ ಕ್ಷಣದಿಂದ ಹಲವು ಮನೆಗಳಲ್ಲಿ ಸೊಸೆಯೇ ಅಪರಾಧಿ. ಮೂರರಲ್ಲಿ ಒಂದರಷ್ಟು ಮಕ್ಕಳ ವಂಶದಲ್ಲಿ ಹಿಂದೆ ಈ ರೋಗದ ಸುಳಿವೇ ಇರುವುದಿಲ್ಲವೆಂಬುದು ಮನೆಯವರಿಗೆ ತಿಳಿಯದು. ವಂಶದಲ್ಲಿದ್ದರೂ ಅದು ಯಾರ ತಪ್ಪೂ ಅಲ್ಲ. ಬಳಗದಲ್ಲಿ ಈ ಮಾತನ್ನು ಓದಿದ ದಿನ ತಂಗಿ ಬಹಳ ಹೊತ್ತು ಅತ್ತಳು. ಆಮೇಲೆ ಆ ಬರಹವನ್ನು ಅತ್ತೆಗೆ ಓದಿಹೇಳಿದಳು.

ಇಂಥ ಬಳಗಕ್ಕೂ ಒಂದು ಗೆರೆ ಇರಬೇಕು. ಒಬ್ಬ ಮಗುವಿಗೆ ಕೊಟ್ಟ ಔಷಧದ ಅಳತೆ ಇನ್ನೊಂದಕ್ಕೆ ಸಲ್ಲದು. ರೋಗದ ಬಗೆ, ತೀವ್ರತೆ, ಮೈತೂಕಗಳು ಬೇರೆಬೇರೆ. ಬೇರಿನ ರಸದಿಂದ ಬೇರುಸಹಿತ ಗುಣವಾದೀತೆಂದು ಯಾರೋ ಕಳಿಸುವ ಸುದ್ದಿಯನ್ನು ನಂಬಿ ಚಿಕಿತ್ಸೆ ಬಿಟ್ಟರೆ ಅನಾಹುತವಾದೀತು. ಆಸ್ಪಿರಿನ್‌ನಂಥ ಸಾಮಾನ್ಯ ಮಾತ್ರೆಯೂ ಈ ಮಕ್ಕಳಿಗೆ ಅಪಾಯಕಾರಿ. ಬಳಗದಲ್ಲಿ ಹೇಳಿಕೊಂಡ ಗುಟ್ಟು ಹೊರಬಿದ್ದರೆ, ಹಾವೇರಿಯಂಥ ಊರಿನಲ್ಲಿ ಅದು ಮನೆಯ ಹೆಣ್ಣುಮಕ್ಕಳ ಮದುವೆಯ ಮಾತುಕತೆಯನ್ನೂ ಮುಟ್ಟುತ್ತದೆ. ಆದ್ದರಿಂದ ಅಳತೆ ವೈದ್ಯರದು, ಅನುಭವ ಬಳಗದ್ದು. ಕೇಳಿದ್ದನ್ನು ಕಾಪಾಡುವ ಹೊಣೆ ಎಲ್ಲರದು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹಿಮೊಫಿಲಿಯಾವನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಕಾನೂನು ಕೊಟ್ಟ ಹಕ್ಕನ್ನು ಕೇಳಿ ಪಡೆಯಲು ಮೊದಲು ರೋಗದ ಹೆಸರನ್ನು ಬಾಯಿಬಿಟ್ಟು ಹೇಳುವ ಧೈರ್ಯ ಬೇಕು. ಆ ಹೆಸರನ್ನು ಅಂಜದೆ ಹೇಳಿಕೊಳ್ಳಬಹುದಾದ ಮೊದಲ ಜಾಗ ಈ ಬಳಗಗಳೇ ಆಗಿವೆ. ನೆಂಟರ ಎದುರು ಮುಚ್ಚಿಡುವ ಮಾತನ್ನು ಮುಖ ಕಾಣದವರ ಎದುರು ಬಿಚ್ಚಿಡಬೇಕಾಗಿ ಬಂದಿರುವುದೇಕೆಂದು, ನೆಂಟರಾದ ನಾವು ಯೋಚಿಸುವುದು ಒಳಿತು.